ಕೇತಕಿ ಟೀಚರ್ ಮಾಡಿದ ಅಕ್ಷರಪಟ

ಕೇತಕಿಗೆ ಮೊದಲು ಸಿಟ್ಟು ಬಂದದ್ದು ಒನಕೆಯ ಮೇಲೆ.

ಪುಣೆ ಪಕ್ಕದ ಚಿಂಚವಾಡದ ಕನ್ನಡದ ಮಂದಿ ಸೇರಿ ನಡೆಸುತ್ತಿದ್ದ ಭಾನುವಾರದ ಕನ್ನಡ ಶಾಲೆಗೆ ಅವಳೊಬ್ಬಳೇ ಟೀಚರು. ವಾರವೆಲ್ಲ ಇಂಗ್ಲಿಷ್ ಶಾಲೆಯ ಚಿಕ್ಕ ಮಕ್ಕಳಿಗೆ ಎಬಿಸಿಡಿ ಹೇಳಿಕೊಟ್ಟು, ಭಾನುವಾರ ಜಗತ್ತೆಲ್ಲ ಹಾಸಿಗೆಯಲ್ಲಿ ಹೊರಳಾಡುವ ಹೊತ್ತಿಗೆ ಇಲ್ಲಿ ಬಂದು ಅಆಇಈ ತಿದ್ದಿಸುತ್ತಿದ್ದಳು. ಮಕ್ಕಳದೋ, ಮನೆಯಲ್ಲಿ ಅರ್ಧಂಬರ್ಧ ಕನ್ನಡ, ಬೀದಿಯಲ್ಲಿ ಪೂರ್ತಿ ಮರಾಠಿ. ಅಂದು ಗೋಡೆಯ ಮೇಲಿನ ಹಳೆಯ ಅಕ್ಷರಪಟದಲ್ಲಿ 'ಒ' ಅಕ್ಷರದ ಒನಕೆ ತೋರಿಸಿ ಇದೇನು ಎಂದು ಕೇಳಿದರೆ, ಇಡೀ ತರಗತಿ ಒಂದೇ ಕಂಠದಿಂದ "ಬ್ಯಾಟ್!" ಎಂದಿತು. 'ಋ' ತೋರಿಸಿದಳು. ಕಾಡಿನಲ್ಲಿ ಕುಳಿತ ಋಷಿ ಅವರ ಕಣ್ಣಿಗೆ ಬೇಸಿಗೆ ರಜೆಗೆ ಬಂದ ಸಾಂತಾಕ್ಲಾಸನಾದ. 'ಐ' ಎಂದರೆ ಐರಾವತ. "ಹತ್ತಿ! ಹತ್ತಿ!" ಎಂದು ಕುಣಿದವು. ಮರಾಠಿಯಲ್ಲಿ ಹತ್ತಿ ಎಂದರೆ ಆನೆ, ಕನ್ನಡದ ಹತ್ತಿಯಿಂದ ದೀಪಕ್ಕೆ ಬತ್ತಿ ಹೊಸೆಯುತ್ತಾರೆ ಎಂದು ಅವಳು ಬಿಡಿಸಿ ಹೇಳುವಷ್ಟರಲ್ಲಿ ತರಗತಿ ಮುಗಿದು, ಕರ್ನಾಟಕದಲ್ಲಿ ಆನೆಯನ್ನು ದೀಪಕ್ಕೆ ಹಚ್ಚುತ್ತಾರೆ ಎಂಬ ಅನುಮಾನ ಹೊತ್ತು ಮಕ್ಕಳು ಮನೆಗೆ ಹೋದರು.

ಅಂದೇ ಚಹಾದ ಹೊತ್ತಿಗೆ ಸಮಿತಿಯ ಸಭೆ. ಅಧ್ಯಕ್ಷ ನಿಜಲಿಂಗಪ್ಪನವರದು ತಾಡಪತ್ರಿ ಅಂಗಡಿ. ಯಾವ ಸಮಸ್ಯೆ ಬಂದರೂ ಮೇಲೊಂದು ತಾಡಪತ್ರಿ ಎಳೆದು ಮುಚ್ಚಿಬಿಡುವುದು ಅವರ ಸ್ವಭಾವ.

"ಅದಕ್ಕೇನ್ ತಂಗಿ, ಬೆಂಗಳೂರಿಂದ ರೆಡಿಮೇಡ್ ಸೆಟ್ ತರಸೂಣು. ಮಿರಿ ಮಿರಿ ಮಿಂಚತಾವ. ಜೋಡಿಗೆ ವಿಡಿಯೋನೂ ಬರ್ತದಂತ. ಗ್ವಾಡಿಗೊಂದು ಟೀವಿ ಹಚ್ಚಿದ್ರ ಅದ ಕಲಸ್ತದ. ನಿನಗೂ ಭಾನುವಾರ ಆರಾಮ."

ಕೇತಕಿಯ ಕೈಯಲ್ಲಿದ್ದ ಚಹಾದ ಲೋಟ ನಿಂತಲ್ಲೇ ನಿಂತಿತು. ಟೀವಿ ತನ್ನ ಜಾಗಕ್ಕೆ ಬರುವುದು ಎಂದರೇನು? "ನನಗ ಆರಾಮ ಬ್ಯಾಡ್ರಿ ಕಾಕಾ," ಎಂದಳು. "ಅಕ್ಷರಪಟ ನಾನ ಮಾಡ್ತೀನಿ. ನಮ್ಮ ಹುಡುಗರು ದಿನಾ ನೋಡೋ ಸಾಮಾನಿನ ಫೋಟೋ ಹಾಕಿ."

"ಅದು ಡಿಸೈನರ್ ಮಾಡೋ ಕೆಲಸ ತಂಗಿ."

"ಡಿಸೈನರ್ ಏನ್ ಮುಗಿಲಿಂದ ಇಳದ್ ಬಂದಾನೇನ್ರಿ? ಅವಂಗೂ ಎರಡ ಕೈ, ನನಗೂ ಎರಡ ಕೈ. ನಮ್ಮ ಇಂಗ್ಲಿಷ್ ಸಾಲ್ಯಾಗ ಕಂಪ್ಯೂಟರ್ ಮ್ಯಾಲೆ ಚಿತ್ರ ತಿದ್ದೋದು ಕಲಿಸ್ಯಾರ. ಸರ್ಟಿಫಿಕೇಟ್ ಅದ."

(ಸರ್ಟಿಫಿಕೇಟು ಇದ್ದದ್ದು ನಿಜ. ಆ ತರಬೇತಿಯ ಮುಕ್ಕಾಲು ಭಾಗ ಕರೆಂಟು ಇರಲಿಲ್ಲ ಎಂಬುದನ್ನು ಸರ್ಟಿಫಿಕೇಟಿನಲ್ಲಿ ಬರೆದಿರಲಿಲ್ಲ.)

ಸಮಿತಿಯ ತಾಂತ್ರಿಕ ಸಲಹೆಗಾರ ಮಧುಕರ್ ಕನ್ನಡಕ ಸರಿಮಾಡಿಕೊಂಡ. ಬೆಂಗಳೂರಿನವನು, ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ. "ಮೇಡಮ್, ಟೈಮ್ ವೇಸ್ಟ್ ಆಗುತ್ತೆ. ಕೊನೇಲಿ ಪ್ರೂಫ್ ಆದ್ರೂ ನಂಗೊಂದ್ಸಲ ತೋರ್ಸಿಬಿಡಿ."

"ಗ್ವಾಡಿ ಮ್ಯಾಲೆ ನೋಡ್ರಿ," ಎಂದಳು ಕೇತಕಿ. "ರಾಜ್ಯೋತ್ಸವದ ದಿನ. ಆಗ್ಲಿಲ್ಲಂದ್ರ ನಿಮ್ಮ ಟೀವಿಗೆ ನಾನ ಹಾರಾ ಹಾಕಿ ಮನ್ಯಾಗ ಕೂಡ್ತೀನಿ."

ಹೀಗೆ ಶುರುವಾಯಿತು ಚಿತ್ರಸಂಸ್ಕರಣ ಮಹಾಯಾಗ. ಯಾಗಕ್ಕೆ ಬೇಕಾದ ಪಶು ಮನೆಯಲ್ಲೇ ಇತ್ತು. ಗಂಡ ಮಲಕಪ್ಪ ಪಿಂಪ್ರಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಗುಮಾಸ್ತ. ಹೆಂಡತಿ ಹೇಳಿದ್ದಕ್ಕೆಲ್ಲ "ಹೂಂ" ಎಂದು, ಕೇಳಿಸಿಕೊಂಡದ್ದನ್ನೆಲ್ಲ ಮರೆತುಬಿಡುವ ಸಾಧು ಮನುಷ್ಯ.

ಪುಕ್ಕಟೆ ಸಿಗುವ ಚಿತ್ರ ತಿದ್ದುವ ಸಾಫ್ಟ್‌ವೇರೊಂದನ್ನು ಕೇತಕಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಆಮೇಲೆ ಅದಕ್ಕೆ ಪ್ಲಗಿನ್‌ಗಳು. ಅತ್ತೆ ಕಾಶವ್ವ ಪಕ್ಕದಲ್ಲಿ ಕೂತು ಅವರೇಕಾಯಿ ಸುಲಿಯುತ್ತ, "ಅದೇನವಾ ಪಲಗಿನ್ನು?" ಎಂದು ಕೇಳಿದಳು.

"ಮಿಕ್ಸರ್‌ಗೆ ಚಟ್ನಿ ಜಾರ್ ಬ್ಯಾರೆ, ಹಿಟ್ಟಿನ ಜಾರ್ ಬ್ಯಾರೆ ಸಿಗಸ್ತೀವಲ್ರಿ ಅತ್ತಿ? ಹಂಗ. ಒಂದು ಹಿಂದಿನ ಗ್ವಾಡಿ ಅಳಸ್ತದ, ಒಂದು ಮುಖಾ ತಿದ್ದತದ, ಒಂದು ಚೌಕದಾಗ ಚಿತ್ರ ತಾನ ಜೋಡಸ್ತದ."

"ಭಾಂಡಿ ತಿಕ್ಕೋದು ಒಂದು ಸಿಕ್ಕರ ನೋಡು," ಎಂದಳು ಕಾಶವ್ವ.

ಮೊದಲ ಬಲಿ 'ಋ'. ಈ ಅಕ್ಷರಕ್ಕೆ ಋಷಿಯನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಆದರೆ ಋಷಿ ಮಕ್ಕಳಿಗೆ ಗುರುತಿನವನಾದರೆ ಸಾಂತಾಕ್ಲಾಸನ ಪ್ರಶ್ನೆ ಬರುವುದಿಲ್ಲವಲ್ಲ? ಭಾನುವಾರ ಬಂದು ಕಿಟಕಿ ತೆಗೆದು ಬೆಂಚು ಜೋಡಿಸಿಕೊಡುವ ಮಲಕಪ್ಪ ಎಲ್ಲ ಮಕ್ಕಳಿಗೂ ಗೊತ್ತು. ಹಾಗಾಗಿ ರಜೆಯ ಬೆಳಿಗ್ಗೆ ಮಲಕಪ್ಪನಿಗೆ ಬಿಳಿ ಹಾಸಿಗೆ ಹೊದಿಕೆ ಸುತ್ತಿ, ಹತ್ತಿಯ ಗಡ್ಡ ಅಂಟಿಸಿ (ಕನ್ನಡದ ಹತ್ತಿ), ಬಾಲ್ಕನಿಯ ಬಿಳಿ ಗೋಡೆಗೆ ಆನಿಸಿ ಪದ್ಮಾಸನ ಹಾಕಿಸಿದ್ದಾಯಿತು.

ಎದುರು ಮನೆಯ ಜೋಶಿ ಕಾಕೂ ಬಟ್ಟೆ ಒಣಹಾಕಲು ಬಂದವರು ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಗಬಾಯಿ! ವಹಿನಿ, ಭಾವುಂನಿ ಸಂನ್ಯಾಸ ಘೇತಲಾ ಕಾ?"

"ನಾಹಿ ಹೋ ಕಾಕೂ, ಫೋಟೋಸಾಠಿ!" ಎಂದಳು ಕೇತಕಿ, ಗಂಡ ಸಂನ್ಯಾಸ ತಗೊಂಡಿಲ್ಲ, ಇದು ಬರೀ ಫೋಟೋಗೆ ಎಂದು.

ಋಷಿಯ ಕಣ್ಣಿನಲ್ಲಿ ಮಾತ್ರ, ಸಂನ್ಯಾಸವೇ ವಾಸಿಯಿತ್ತು ಎಂಬ ಭಾವ ಸುಳಿದು ಹೋಯಿತು.

ಹಿನ್ನೆಲೆ ಅಳಿಸುವ ಪ್ಲಗಿನ್‌ನ ಗುಂಡಿ ಒತ್ತಿದಳು. ಅದು ಬಿಳಿ ಗೋಡೆ ಅಳಿಸಿತು. ಅದೇ ಉತ್ಸಾಹದಲ್ಲಿ ಬಿಳಿ ಹೊದಿಕೆ ಅಳಿಸಿತು. ಬಿಳಿ ಗಡ್ಡ ಅಳಿಸಿತು. ಬಿಸಿಲಿಗೆ ಹೊಳೆಯುತ್ತಿದ್ದ ಬೋಳುನೆತ್ತಿಯನ್ನೂ ಗೋಡೆಯೆಂದೇ ಬಗೆದು ಒರೆಸಿಹಾಕಿತು. ಪರದೆಯ ಮೇಲೆ ಉಳಿದದ್ದು ಒಂದು ಮೂಗು, ಎರಡು ಕಿವಿ, ಬಹಳ ಕೆಳಗೆ ಜೋಡಿ ಪಾದ.

ಕಾಶವ್ವ ಹಣಕಿ ನೋಡಿ ಹೌಹಾರಿದಳು. "ಏ ಕೇತಕಿ, ನನ್ನ ಮಗನ ಮೈ ಎಲ್ಲಿ ಹೋತ?"

"ಹಿನ್ನೆಲಿ ಅಂತ ತಿಳದದರಿ ಅದು."

"ಈ ಮನ್ಯಾಗ ನಾ ಹಿನ್ನೆಲಿನ ಬಿಡವಾ," ಎಂದ ಮಲಕಪ್ಪ, ಬಾಯೊಳಗೆ ಹೋದ ಹತ್ತಿ ಉಗುಳುತ್ತ.

ಕೇತಕಿ ಸೋಲುವವಳಲ್ಲ. ತನ್ನ ಹಸಿರು ಇಳಕಲ್ ಸೀರೆಯನ್ನು ಹಿಂದೆ ತೂಗುಹಾಕಿ, ಗಂಡನಿಗೆ ಕಾವಿ ಬಣ್ಣದ ದುಪಟ್ಟಾ ಹೊದಿಸಿ ಮತ್ತೆ ಕೂರಿಸಿದಳು. ಈ ಸಲ ಪೂರ್ತಿ ಋಷಿ ಸಿಕ್ಕ.

'ಅ'ಗೆ ಅಜ್ಜಿ. ಕಾಶವ್ವ ಮೂಗುತಿ ತೊಳೆದು ಹಾಕಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಗಂಭೀರವಾಗಿ ಕೂತಳು. ಫೋಟೋ ಚೆನ್ನಾಗಿಯೇ ಬಂತು. ಆದರೆ ಮುಖ ತಿದ್ದುವ ಪ್ಲಗಿನ್ ಕೇಳದೆಯೇ ಕೆಲಸಕ್ಕಿಳಿದು ಸುಕ್ಕುಗಳನ್ನೆಲ್ಲ ಇಸ್ತ್ರಿ ಮಾಡಿತು. ಕಣ್ಣು ಅಗಲಿಸಿ, ತುಟಿಗೆ ಬಣ್ಣ ಬಳಿದು, ಕಾಶವ್ವನನ್ನು ಸೊಸೆಗಿಂತ ಚಿಕ್ಕವಳನ್ನಾಗಿ ಮಾಡಿ ನಿಲ್ಲಿಸಿತು. ಕಾಶವ್ವ ಪರದೆಯನ್ನು ಎವೆಯಿಕ್ಕದೆ ನೋಡಿದಳು. ಸೆರಗಿನಿಂದ ಒರೆಸಿ ಮತ್ತೊಮ್ಮೆ ನೋಡಿದಳು.

"ಇದ ಇರ್ಲಿ."

"ಅತ್ತಿ, ಇದು ಅಜ್ಜಿ ಕಾಣೂದಿಲ್ರಿ."

"ಹಂಗಾರ ಅ ಅಕ್ಕ ಅಂತ ಬರಿ."

"ಹುಡುಗರಿಗೆ ಅಜ್ಜಿ ಬೇಕ್ರಿ. ಸುಕ್ಕು ಬೇಕು."

"ನಿನಗ ಬೇಕಾದ್ರ ನಿನ್ನ ಮುಖದಾಗ ಹಾಕ್ಕೊ!"

ಎರಡು ದಿನ ಅತ್ತೆ ಸೊಸೆಗೆ ಮಾತಿಲ್ಲ. ಕೊನೆಗೆ, ತರುಣಿ ಕಾಶವ್ವನ ಫೋಟೋವನ್ನು ಕಟ್ಟು ಹಾಕಿಸಿ ದೇವರ ಮನೆಯ ಎದುರು ತೂಗುಹಾಕುವುದು, ಸುಕ್ಕಿನ ಕಾಶವ್ವ ಅಕ್ಷರಪಟಕ್ಕೆ ಎಂದು ಮಲಕಪ್ಪನ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು; ಮಾತು ಮಾತ್ರ ಇನ್ನೂ ಶುರುವಾಗಿರಲಿಲ್ಲ.

ಆ ಶನಿವಾರ ಮಧುಕರ್ ಕರೆಯದೆಯೇ ಬಂದ. ಕೆಲಸ ಎಲ್ಲಿಗೆ ಬಂತೆಂದು ನೋಡಲು ನಿಜಲಿಂಗಪ್ಪನವರೇ ಕಳಿಸಿದ್ದರಂತೆ. ಮೇಜಿನ ಮೇಲೆ ಕ್ಯಾಮೆರಾ ಎದುರು ಗುಂಡಗೆ ಕೂತಿದ್ದ ಈರುಳ್ಳಿ ಕಂಡು ಖುಷಿಯಾದ. "ಓ, 'ಈ'ಗೆ ಈರುಳ್ಳಿ! ಸೂಪರ್ ಮೇಡಮ್."

"ಅದು 'ಉ'ಕ್ಕ ಅದರಿ," ಎಂದಳು ಕೇತಕಿ. "ಉಳ್ಳಾಗಡ್ಡಿ."

"ಪುಸ್ತಕದ ಕನ್ನಡದಲ್ಲಿ ಈರುಳ್ಳಿ ಅಲ್ವಾ?"

ಅಡುಗೆಮನೆಯಿಂದ ಕಾಶವ್ವ ಹೊರಬಂದಳು. ಎರಡು ದಿನದ ಮೌನ ಅವಳಲ್ಲಿ ಒತ್ತಿ ತುಂಬಿಕೊಂಡಿತ್ತು. "ಯಪ್ಪಾ, ನಾ ಹುಟ್ಟಿದಾಗಿಂದ ಉಳ್ಳಾಗಡ್ಡಿ ಹೆಚ್ಚಿ ಅಳಾಕತ್ತೀನಿ. ಒಂದು ದಿನಾನೂ ಈರುಳ್ಳಿಗೆ ಅತ್ತಿಲ್ಲ."

"ಅಜ್ಜಿ, ಹಾಗಲ್ಲ, ಸ್ಟ್ಯಾಂಡರ್ಡ್ ಅಂತ ಒಂದು ಇರುತ್ತಲ್ಲ."

"ಅದು ನಿಮ್ಮ ಮನ್ಯಾಗ ಇರ್ಲಿ. ನಮ್ಮ ಮನಿ ಉಳ್ಳಾಗಡ್ಡಿ 'ಉ'ಕ್ಕ ಹೋಗ್ತದ."

"ಹಾಗಾದ್ರೆ 'ಈ'ಗೆ ಏನು ಹಾಕ್ತೀರಾ?"

ಕಾಶವ್ವ ಒಳಗೆ ಹೋಗಿ, ಕಾಲಲ್ಲಿ ಅದುಮಿ ತರಕಾರಿ ಹೆಚ್ಚುವ ತನ್ನ ಕಬ್ಬಿಣದ ಈಳಿಗೆಯನ್ನು ತಂದು ಉಳ್ಳಾಗಡ್ಡಿಯ ಪಕ್ಕದಲ್ಲಿ ದಡ್ಡನೆ ಇಟ್ಟಳು. ಅದರ ಬಾಯಿ ಮಧುಕರನ ಕಡೆಗಿತ್ತು. "ಈಳಿಗಿ," ಎಂದಳು.

ಮಧುಕರ್ ಭಾಷಾಶಾಸ್ತ್ರದ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿದ. ಸೊಸೆಗೂ ಅತ್ತೆಗೂ ಆ ಕ್ಷಣದಲ್ಲೇ ಮಾತು ಶುರುವಾಯಿತು.

ಹೊರಡುವ ಮುನ್ನ ಅವನ ಕಣ್ಣು ಪರದೆಯ ಮೇಲೆ ಬಿತ್ತು. ಕಾಶವ್ವನ ಚಿತ್ರದ ಕೆಳಗೆ "ಅಜ್‌ಜಿ" ಎಂದಿತ್ತು. ಎಮ್ಮೆಯ ಕೆಳಗೆ "ಎಮ್‌ಮೆ". ಸಾಫ್ಟ್‌ವೇರಿಗೆ ಕನ್ನಡದ ಒತ್ತಕ್ಷರದ ಗಂಧವೇ ಇರಲಿಲ್ಲ. ಒತ್ತನ್ನೆಲ್ಲ ಕಿತ್ತು ಸಾಲಾಗಿ ಕೂರಿಸಿತ್ತು.

"ಮೇಡಮ್, ಒಂದು ಸೆಟ್ಟಿಂಗ್ ಅಷ್ಟೆ. ನಾನು ಮಾಡಿಕೊಡ್ಲಾ?"

ಕೇತಕಿಗೆ ಅದು ನಿನ್ನೆಯಿಂದಲೂ ಗೊತ್ತಿತ್ತು, ಆದರೆ ಸರಿಮಾಡುವುದು ಹೇಗೆಂದು ಗೊತ್ತಿರಲಿಲ್ಲ. "ಬ್ಯಾಡ್ರಿ," ಎಂದಳು ತಣ್ಣಗೆ. "ಅದು ಹಂಗ ಇರಬೇಕಂತ ಇಟ್ಟೀನಿ. ಅಚ್ಚಿನ ಅಕ್ಷರ ಯಾರ ಹಾಕ್ತಾರ? ನಾ ಕೈಲೇ ಬರೀತೀನಿ."

ಬಾಯಿಂದ ಹೊರಟ ಮೇಲೆ ಮಾಡಲೇಬೇಕಲ್ಲ? ಮರುದಿನದಿಂದ ನೆಲದ ಮೇಲೆ ಹಾಳೆ ಹರವಿ, ದಪ್ಪ ಕುಂಚದಲ್ಲಿ ಕಪ್ಪು ಬಣ್ಣ ಅದ್ದಿ ಒಂದೊಂದೇ ಪದ ಬರೆದಳು. ಫೋಟೋ ತೆಗೆದಳು. ಹಾಳೆಯ ಬಿಳಿ ಅಳಿಸಲು ಅದೇ ಪ್ಲಗಿನ್‌ಗೆ ಕೊಟ್ಟಳು. ಬಿಳಿ ನುಂಗುವುದರಲ್ಲಿ ಅದಕ್ಕೆ ಎಣೆಯಿಲ್ಲ, ಒಂದು ಚೂರೂ ಬಿಡಲಿಲ್ಲ. ಕರೀ ಅಕ್ಷರಗಳು ಮೈತುಂಬಿಕೊಂಡು ಎದ್ದು ನಿಂತವು. ಅಚ್ಚಿಗಿಂತ ಸೊಗಸು. ಅವಳಿಗೇ ನಂಬಿಕೆಯಾಗಲಿಲ್ಲ. ಮಲಕಪ್ಪನನ್ನು ಕರೆದು ತೋರಿಸಿದಾಗ ಅವನು ಬಹಳ ಹೊತ್ತು ನೋಡಿ, "ಚಂದ ಬಂದಾವ ಬಿಡು," ಎಂದ. ಅವನು "ಹೂಂ" ಬಿಟ್ಟು ಬೇರೇನಾದರೂ ಹೇಳಿದ್ದು ಅಪರೂಪ. ಕೇತಕಿಗೆ ಅಂದು ಕಷ್ಟವೆಲ್ಲ ಸಾರ್ಥಕವೆನಿಸಿತು.

'ಒ'ಗೆ ಒಗ್ಗರಣೆ. ಸಾಸಿವೆ ಸಿಡಿಯುವ ಕ್ಷಣ ಕ್ಯಾಮೆರಾಕ್ಕೆ ಸಿಗುವವರೆಗೂ ಒಗ್ಗರಣೆ ಹಾಕಿದ್ದೇ ಹಾಕಿದ್ದು, ಮನೆಯವರು ಒಗ್ಗರಣೆ ಅವಲಕ್ಕಿ ತಿಂದದ್ದೇ ತಿಂದದ್ದು. 'ಐ'ಗೆ ಮಲಕಪ್ಪನ ಅಂಗೈ, ಐದು ಬೆರಳು. 'ಔ'ಗೆ ಔಡಲೆಣ್ಣೆಯ ಶೀಸೆ. 'ಅಂ'ಗೆ ಮಲಕಪ್ಪನ ಅಂಗಿ. ಉಳಿದದ್ದು 'ಏ', ಏಣಿ.

ಹೌಸಿಂಗ್ ಸೊಸೈಟಿಯ ಏಣಿಯನ್ನು ಕೆಳಗೆ ಅಂಗಳದ ಗೋಡೆಗೆ ಆನಿಸಿ, ಕೇತಕಿ ಅದನ್ನು ಪಕ್ಕದಿಂದ ಹಿಡಿದುಕೊಂಡಳು. ಫೋನು ಮಲಕಪ್ಪನ ಕೈಯಲ್ಲಿ. "ಪೂರ್ತಿ ಏಣಿ ಬರಬೇಕು, ಹಿಂದ ಸರೀರಿ," ಎಂದಳು. ಮಲಕಪ್ಪ ಸರಿದ. "ಇನ್ನೂ ಹಿಂದ." ಇನ್ನೂ ಸರಿದ. ಅಲ್ಲಿ ಜೋಶಿ ಕಾಕೂ ಹಳೆಯ ಸೀರೆ ಹಾಸಿ ದೀಪಾವಳಿಗೆಂದು ಹಪ್ಪಳ ಒಣಹಾಕಿದ್ದರು. ಕರುಂ ಎಂದಿತು. ಏನೆಂದು ನೋಡಲು ಮಲಕಪ್ಪ ಇನ್ನೊಂದು ಕಾಲನ್ನೂ ಹಿಂದಿಟ್ಟ. ಇನ್ನೂ ಜೋರಾಗಿ ಕರುಂ ಎಂದಿತು. ಕೇತಕಿ ಬೆರಳೆತ್ತಿ, ಕಣ್ಣು ಕೆಕ್ಕರಿಸಿ, ಕಿರುನಾಲಿಗೆ ಕಾಣುವಷ್ಟು ಬಾಯಿ ತೆರೆದು ಕಿರುಚಿದಳು. ಗಾಬರಿಗೆ ಮಲಕಪ್ಪನ ಹೆಬ್ಬೆರಳು ಗುಂಡಿ ಒತ್ತಿತು. ಫೋಟೋ ಏಣಿಯದಲ್ಲ.

ಏಣಿಯ ಫೋಟೋ ಆಮೇಲೆ, ಕಾಕೂಗೆ ಕ್ಷಮೆ ಕೇಳಿ ಮುಗಿದ ಮೇಲೆ, ಮೌನವಾಗಿ ತೆಗೆದದ್ದು. ಮಲಕಪ್ಪ ಎಲ್ಲವನ್ನೂ ಒಟ್ಟಿಗೆ ಲ್ಯಾಪ್‌ಟಾಪಿಗೆ ಹಾಕಿದ. ಯಾವುದು ಬೇಕು ಯಾವುದು ಬೇಡ ಎಂದು ಆರಿಸುವ ಧೈರ್ಯ ಆ ದಿನ ಅವನಲ್ಲಿರಲಿಲ್ಲ.

ಅಷ್ಟರಲ್ಲಿ ಮುದ್ರಣದವನ ಫೋನು. ಹಬ್ಬಕ್ಕೆ ಅಂಗಡಿ ಮುಚ್ಚುತ್ತಾನಂತೆ, ಕಳಿಸುವುದಾದರೆ ಈಗಲೇ ಕಳಿಸಬೇಕಂತೆ. ಕೇತಕಿ ಚಿತ್ರ ಜೋಡಿಸುವ ಪ್ಲಗಿನ್ ತೆರೆದಳು. ಅದು ಚೌಕ ಚೌಕವಾಗಿ ಮನೆ ಮಾಡಿಕೊಂಡು, ಚಿತ್ರಗಳಿಗೆ ಇಟ್ಟ ಹೆಸರು ನೋಡಿ ಅವುಗಳನ್ನು ಆಯಾ ಅಕ್ಷರದ ಮನೆಗೆ ಸೇರಿಸುತ್ತದೆ. 'ಅಃ' ಒಂದಕ್ಕೆ ಚಿತ್ರವಿರಲಿಲ್ಲ. ಇರುವುದೂ ಸಾಧ್ಯವಿಲ್ಲ. ಆ ಅಕ್ಷರದಿಂದ ಶುರುವಾಗುವ ಪದ ಕನ್ನಡದಲ್ಲಿ ಯಾರಿಗೂ ಸಿಕ್ಕಿಲ್ಲ. ಆ ಮನೆ ಖಾಲಿ ಇರಲೆಂದು ಬಿಟ್ಟು ಗುಂಡಿ ಒತ್ತಿದಳು. ಖಾಲಿ ಮನೆ ಕಂಡರೆ ಮಿಕ್ಕ ಚಿತ್ರವನ್ನು ತಂದು ತುಂಬುವುದು ಆ ಪ್ಲಗಿನ್‌ನ ಧರ್ಮ ಎಂಬುದು ಅವಳಿಗೆ ತಿಳಿದಿರಲಿಲ್ಲ.

"ಒಮ್ಮೆ ತಗದು ನೋಡೂಣೇನು?" ಎಂದ ಮಲಕಪ್ಪ. ಅದೇ ಹೊತ್ತಿಗೆ ಮಧುಕರನ ಸಂದೇಶವೂ ಬಂತು: ಪ್ರೂಫ್ ಕಳಿಸಿ ಮೇಡಮ್, ಪ್ಲೀಸ್.

"ನನ್ನ ಕೆಲಸಕ್ಕ ಇನ್ನೊಬ್ಬರ ಕಣ್ಣು ಬ್ಯಾಡ," ಎಂದು ಕೇತಕಿ ನೇರ ಮುದ್ರಣಕ್ಕೆ ಕಳಿಸಿಬಿಟ್ಟಳು. ಎರಡನೆಯ ಕಣ್ಣು ಬೇಡವೆನ್ನುವ ಭರದಲ್ಲಿ ತನ್ನ ಮೊದಲನೆಯ ಕಣ್ಣನ್ನೂ ಹಾಯಿಸಲಿಲ್ಲ.

ರಾಜ್ಯೋತ್ಸವದ ದಿನ ಸಭಾಂಗಣ ತುಂಬಿತ್ತು. ಉಡುಪಿ ಹೋಟೆಲಿನವರು, ವಿಜಯಪುರದ ಅಡತಿ ದಲ್ಲಾಳಿಗಳು, ಹಿಂಜವಡಿಯ ಕಂಪ್ಯೂಟರಿನವರು, ಎಲ್ಲರೂ ಮಕ್ಕಳೊಂದಿಗೆ ಬಂದಿದ್ದರು. ಮುದ್ರಣದವನು ಸುರುಳಿಯನ್ನು ನೇರ ಅಲ್ಲಿಗೇ ತಂದು ಕಟ್ಟಿ ಹೋಗಿದ್ದ. ನಿಜಲಿಂಗಪ್ಪನವರು ಅದರ ಮೇಲೆ ತಮ್ಮ ಅಂಗಡಿಯದೇ ಒಂದು ಹಳದಿ ತಾಡಪತ್ರಿ ಮುಚ್ಚಿಸಿದ್ದರು. ಭಾಷಣ ಮುಗಿಸಿ ಎಳೆದರು.

ಗೋಡೆಯಗಲ ಅಕ್ಷರಪಟ. ಮೊದಲಿಗೆ ಅಜ್ಜಿ, ಒಂದೂ ಸುಕ್ಕು ಕಳೆದುಕೊಳ್ಳದ ಕಾಶವ್ವ. "ಕಾಶವ್ವಾಯಿ!" ಎಂದು ಹೆಂಗಸರ ಸಾಲಿನಲ್ಲಿ ಗದ್ದಲವೆದ್ದಿತು. ಋಷಿಯನ್ನು ಕಂಡು ಮಕ್ಕಳು "ಮಲಕಪ್ಪ ಕಾಕಾ!" ಎಂದು ಚಪ್ಪಾಳೆ ತಟ್ಟಿದರು. ಉಳ್ಳಾಗಡ್ಡಿ, ಈಳಿಗೆ, ಒಗ್ಗರಣೆ ಎಲ್ಲವನ್ನೂ ಯಾರೂ ಕೇಳದೆಯೇ ಕೂಗಿ ಹೇಳಿದವು. ಒಂದೇ ಒಂದು ಮಗುವೂ ಬ್ಯಾಟ್ ಎನ್ನಲಿಲ್ಲ. ಕೇತಕಿ ವೇದಿಕೆಯ ಪಕ್ಕದಲ್ಲಿ ನಿಂತು ಮಧುಕರನತ್ತ ಒಂದು ನೋಟ ಬಿಟ್ಟಳು.

ಮಧುಕರ್ ಅವಳನ್ನು ನೋಡುತ್ತಿರಲಿಲ್ಲ. ಅಕ್ಷರಪಟದ ಕೆಳಮೂಲೆ ನೋಡುತ್ತಿದ್ದ.

ಮಕ್ಕಳ ಕೂಗೂ ಅಲ್ಲಿಗೆ ಬಂದು ನಿಂತಿತು. ಕೇತಕಿ ತಿರುಗಿ ನೋಡಿದಳು. 'ಅಃ' ಎಂಬ ಅಕ್ಷರದ ಕೆಳಗೆ ಅವಳೇ ಇದ್ದಳು. ಎತ್ತಿದ ಬೆರಳು, ಕೆಕ್ಕರಿಸಿದ ಕಣ್ಣು, ಹಲ್ಲಿನ ಹಿಂದೆ ಕಿರುನಾಲಿಗೆ ಸಹಿತ ಗುಹೆಯಂತೆ ತೆರೆದ ಬಾಯಿ.

"ಟೀಚರ್!" ಎಂದಿತು ಮುಂದಿನ ಸಾಲಿನ ಒಂದು ಮಗು, ಭಯಭಕ್ತಿಯಿಂದ.

ಸಭಾಂಗಣದ ಮಾಡು ಹಾರಿಹೋಗುವಂಥ ನಗು. ನಿಜಲಿಂಗಪ್ಪನವರು ಅಭ್ಯಾಸಬಲದಿಂದ ತಾಡಪತ್ರಿಯನ್ನು ಮತ್ತೆ ಎಳೆಯಲು ಹೋದರು. ಮಲಕಪ್ಪ ಕುರ್ಚಿಯಲ್ಲೇ ಹಿನ್ನೆಲೆಯಾಗಲು ಪ್ರಯತ್ನಿಸುತ್ತಿದ್ದ. ನೆಲ ಬಾಯಿಬಿಟ್ಟರೆ ಒಳಗೆ ಹೋಗುತ್ತಿದ್ದಳೇನೋ ಕೇತಕಿ. ಆದರೆ ಬಾಯಿಬಿಟ್ಟದ್ದು ಅವಳು ಮಾತ್ರ, ಅದೂ ಫೋಟೋದಲ್ಲಿ.

ಅವಳು ನೇರ ಹೋಗಿ ಮೈಕು ಹಿಡಿದಳು.

"ಯಾಕ ನಗ್ತೀರಿ? ಬೇಕಂತನ ಹಾಕೀನಿ. 'ಅಃ' ಅನ್ನೋ ಅಕ್ಷರಕ್ಕ ಶಬ್ದ ಇಲ್ಲ, ಎಲ್ಲಾರೂ ಅದನ್ನ ಖಾಲಿ ಬಿಡ್ತಾರ. ಖಾಲಿ ಬಿಟ್ರ ಮಕ್ಕಳಿಗೆ ಅನ್ನಲಿಕ್ಕ ಬರ್ತದೇನು? ಬಾಯಿ ಹಿಂಗ ತಗೀಬೇಕು, ಉಸರು ಹಿಂಗ ಬಿಡಬೇಕು. ನಿಮಗ ಬರ್ತದೇನು ತೋರಸ್ರಿ. ಎಲ್ಲಾರೂ ಬಾಯಿ ತಗೀರಿ. ಬೆರಳ ಎತ್ತರಿ. ಅನ್ರಿ!"

"ಅಃ!" ಎಂದಿತು ಸಭೆ. ಬೆರಳೆತ್ತಿ, ಕಿರುನಾಲಿಗೆ ತೋರಿಸಿ, ಅಡತಿ ವ್ಯಾಪಾರಿಗಳಿಂದ ಹಿಡಿದು ಹಸುಗೂಸುಗಳವರೆಗೆ. ಆಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ.

ನಿಜಲಿಂಗಪ್ಪನವರು ಕಣ್ಣೊರೆಸಿಕೊಳ್ಳುತ್ತ ಮೈಕಿಗೆ ಬಂದರು. "ಇಂಥಾ ಐಡಿಯಾ ಬೆಂಗಳೂರಾಗೂ ಇಲ್ಲ! ಟೀವಿ ಕ್ಯಾನ್ಸಲ್. ನಮ್ಮ ಟೀಚರ್ ಸಾಕು." ಕೇತಕಿ ಗೆದ್ದ ನಿಟ್ಟುಸಿರು ಬಿಡುವಷ್ಟರಲ್ಲಿ ಅವರು ಮುಂದುವರಿಸಿದರು: "ಈ ಅಃ ಫೋಟೋನ ದೊಡ್ಡದ ಮಾಡಿ ಶಾಲಿ ಬಾಗಲಕ್ಕ ಬೋರ್ಡ್ ಹಚ್ಚೂಣು. ಪುಣೆದಾಗಿನ ಕನ್ನಡದವರ ಮನಿಮನಿಗೂ ಹೋಗಲಿ."

ಬೇಡ ಎನ್ನಲು ಬಾಯಿ ತೆರೆದಳು. ಬೇಕಂತಲೇ ಹಾಕಿದ್ದು ಎಂದು ಎಲ್ಲರೆದುರು ಈಗಷ್ಟೇ ಹೇಳಿದವಳು ಯಾವ ಬಾಯಲ್ಲಿ ಬೇಡವೆನ್ನಬೇಕು? ತೆರೆದ ಬಾಯಿ ಮುಚ್ಚಿದಳು. ವಾರದೊಳಗೆ ಆ ಫೋಟೋ ಬಾಗಿಲ ಮೇಲೆ ಬಂತು, ಫೋನುಗಳಲ್ಲಿ ಸ್ಟೇಟಸ್ಸಾಯಿತು. ಸಂತೆಯಲ್ಲಿ ಪರಿಚಯವೇ ಇಲ್ಲದ ಮಕ್ಕಳು ಅವಳನ್ನು ಕಂಡು ಬೆರಳೆತ್ತಿ "ಅಃ" ಎಂದು ನಮಸ್ಕಾರ ಮಾಡತೊಡಗಿದವು.

ಒಂದು ಸಂಜೆ ಶಾಲೆ ಮುಗಿಸಿ ದಣಿದು ಮನೆಗೆ ಬಂದರೆ, ಮಲಕಪ್ಪ ಅಕ್ಷರಪಟದ ಸಣ್ಣ ಪ್ರತಿಯೊಂದನ್ನು ತಂದು ಹಾಲ್‌ನ ಗೋಡೆಗೆ ಹೊಡೆದಿದ್ದ. ಅದೇ ಅವಸರದಲ್ಲಿ ಬೆವರಿನ ಅಂಗಿ ಬಿಚ್ಚಿ ಸೋಫಾದ ಮೇಲೆ ಎಸೆದಿದ್ದ. ಕೇತಕಿಯ ಪಿತ್ತ ನೆತ್ತಿಗೇರಿತು. ಚೀಲ ಇಳಿಸಿ, ಗಂಡನತ್ತ ಬೆರಳೆತ್ತಿ, ಕಣ್ಣರಳಿಸಿ, ಬಾಯಿ ತೆರೆದಳು.

ಗೋಡೆಯ ಹತ್ತಿರ ಕಾಶವ್ವ ನಿಂತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ಅವಳು. ಸಹಿ ಎಂದರೆ ಇಂದಿಗೂ ಹೆಬ್ಬೆಟ್ಟು. ಅವಳು ಸೊಸೆಯನ್ನು ನೋಡಿದಳು, ಚಿತ್ರ ನೋಡಿದಳು, ಮತ್ತೆ ಸೊಸೆಯನ್ನು ನೋಡಿದಳು. ಚಿತ್ರದ ಮೇಲಿನ ಅಕ್ಷರದ ಮೇಲೆ, ಅದರ ಮಗ್ಗುಲಿನ ಎರಡು ಸೊನ್ನೆಗಳ ಮೇಲೆ, ನಿಧಾನ ಬೆರಳಾಡಿಸಿದಳು.

"ಅಃ," ಎಂದಳು. ಆಮೇಲೆ, ಈ ಮನೆಯಲ್ಲಿ ಎಂದೂ ಕೇಳದ ಅಂಜಿಕೆಯ ದನಿಯಲ್ಲಿ, "ಬರೋಬ್ಬರಿ ಅದೇನ್, ಟೀಚರ್?"

ಕೇತಕಿ ಗಂಡನನ್ನು ನೋಡಿದಳು. ನಗು ತಡೆಯಲು ಅವನು ಗೋಡೆ ಕಡೆ ತಿರುಗಿದ್ದ. ಎತ್ತಿದ ಬೆರಳು ತಾನಾಗಿ ಕೆಳಗಿಳಿಯಿತು.

"ಬರೋಬ್ಬರಿ ಅದರಿ ಅತ್ತಿ, ಒಂದೂ ತಪ್ಪಿಲ್ಲ."

"ಮುಂದಿಂದು ಯಾವ್ದವಾ?"

"ಮುಂದ ಇಲ್ರಿ, ನೀವು ಕಡೀಕಿಂದ ಶುರು ಮಾಡೀರಿ. ಹಿಂದಕ್ಕ ಬರ್ರಿ. ಇದು 'ಅಂ'. ಅಂ ಅಂದ್ರ..."

ಕಾಶವ್ವನ ಮುಪ್ಪಿನ ಕಣ್ಣಿಗೆ ಆ ಸಣ್ಣ ಚಿತ್ರ ಮಸುಕಾಗಿತ್ತು. ಕೇತಕಿ ಒಮ್ಮೆ ಉಸಿರೆಳೆದುಕೊಂಡು, ಸೋಫಾದ ಮೇಲಿಂದ ಗಂಡನ ಬೆವರಂಗಿಯನ್ನು ಎತ್ತಿ, ತೋಳು ಹರವಿ, ಅತ್ತೆಯ ಮುಂದೆ ನೆಟ್ಟಗೆ ಹಿಡಿದು ನಿಂತಳು.